ಬೇಲಿಮುಳ್ಳು

ಅಚ್ಚುಮನೆ ಮಹಡಿ,
ಹದಿಮೂರನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

'ಪ್ರೀತಿಯ' ಅಂತ ಬರೆದು ಒಂದು ಸಲ ಹೊಡೆದುಹಾಕಿದ್ದೆ, ಆಮೇಲೆ ಬೇರೆ ಹಾಳೆ ತಗೊಂಡು ಮತ್ತೆ ಅದನ್ನೇ ಬರೆದಿದ್ದೀನಿ. ಅಭ್ಯಾಸಬಲ ಅಂದ್ಕೋ. ಏನೇ ಇದ್ದರೂ ಮೊದಲು ಕ್ಷೇಮ ಕೇಳಬೇಕು ಅಂತ ಅಪ್ಪ ಕಲಿಸಿದ್ದಾರಲ್ಲ, ಅದಕ್ಕೆ ಕೇಳ್ತೀನಿ. ಗಂಟಲು ಹೇಗಿದೆ? ಹೋದ ಭಾನುವಾರ ರೇಡಿಯೋದಲ್ಲಿ ನಿನ್ನ ದನಿ ಕಟ್ಟಿದ ಹಾಗಿತ್ತು. ಬಿಸಿನೀರು ಕುಡಿ, ಸ್ಟುಡಿಯೋದ ಆ ತಣ್ಣನೆ ಕೋಣೇಲಿ ಕತ್ತಿಗೆ ಏನಾದರೂ ಸುತ್ಕೋ. ಅತ್ತಿಗೆ ಮೊಣಕಾಲು ನೋವು ಇಳೀತಾ? ನಾನು ಕೇಳಿದೆ ಅಂತ ಹೇಳು, ಅವರ ಮೇಲೆ ನನಗೆ ಎಳ್ಳಷ್ಟೂ ಕೋಪ ಇಲ್ಲ. ಇರೋ ಕೋಪವೆಲ್ಲ ನಿನ್ನ ಒಬ್ಬನ ಪಾಲಿಗೇ ಎತ್ತಿಟ್ಟಿದ್ದೀನಿ, ಹಂಚೋಕೆ ಮನಸ್ಸಿಲ್ಲ. ಇನ್ನು ನಾವು ಇಲ್ಲಿ ಕ್ಷೇಮ ಅಂತ ಬರೆಯೋ ಪದ್ಧತಿ ಇದೆ. ನಾವು ಕ್ಷೇಮವಾಗಿಲ್ಲ.

ಫೋನಿರುವಾಗ ಇವಳು ಯಾಕೆ ಕಾಗದ ಬರೀತಿದ್ದಾಳೆ ಅಂತ ನಿನಗೆ ಅನ್ನಿಸಬಹುದು. ನೀನು ಎತ್ತುತ್ತಿಲ್ಲ, ಅದಕ್ಕೆ. ಆವತ್ತು ಶುಕ್ರವಾರ ಸಂಜೆ ಒಂದು ಸಲ ಎತ್ತಿದೆ. ನಾನು ಏದುಸಿರು ಬಿಡ್ತಾ ವಿಷಯ ಹೇಳಿದರೆ ನೀನು ನಕ್ಕೆ. "ಅಯ್ಯೋ, ಅದು ಇನ್ನೂ ಪುಸ್ತಕದಲ್ಲಿದೆಯಾ, ನಾನೇ ಹೆಣೆದದ್ದು ಕಣೆ ಅದು" ಅಂದೆ. ಆಮೇಲೆ ರೆಕಾರ್ಡಿಂಗ್ ಇದೆ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಆ ಆಮೇಲೆ ಇವತ್ತಿಗೆ ಎಂಟು ದಿನ. ಗಂಟೆ ಹೊಡೆದು ಹೊಡೆದು ಫೋನಿಗೇ ಬೇಜಾರಾಗಿದೆ. ಕಾಗದವನ್ನಾದರೆ ನೀನು ಓದದೆ ಬಿಡಲ್ಲ, ಅಚ್ಚುಮನೆಯಲ್ಲಿ ಹುಟ್ಟಿದವನು ಅಕ್ಷರ ಕಂಡರೆ ಕಣ್ಣು ಮುಚ್ಚೋಕಾಗಲ್ಲ. ಕೂತು ಓದು. ನಡುವೆ ಏಳಬೇಡ.

ನನ್ನ ಮಗಳ, ಅಂದರೆ ನಿನ್ನ ಯಾಕಮ್ಮನ ವಿಷಯಕ್ಕೆ ಬರ್ತೀನಿ. ಆ ಹೆಸರು ಇಟ್ಟವನು ನೀನೇ. ನಾಲ್ಕು ವರ್ಷದ ಮಗು ಪ್ರತಿ ಮಾತಿಗೂ ಯಾಕೆ ಯಾಕೆ ಅಂದರೆ ನಾನು ಸುಮ್ಮನಿರು ಅಂತ ಗದರಿಸ್ತಿದ್ದೆ, ನೀನು ಹೆಗಲ ಮೇಲೆ ಕೂರಿಸಿಕೊಂಡು ಒಂದೊಂದಕ್ಕೂ ಉತ್ತರ ಹೇಳ್ತಿದ್ದೆ. ಅವಳ ಅಪ್ಪ ಕೆಲಸ ನೋಡ್ಕೊಂಡು ಬರ್ತೀನಿ ಅಂತ ಹೋದವನು ವಾಪಸ್ ಬರಲಿಲ್ಲವಲ್ಲ, ಆ ವರ್ಷ ಅವಳು ಕೇಳಿದ ಯಾಕೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಿನ್ನ ಹತ್ತಿರ ಇತ್ತು ಅಂತಲ್ಲ, ಆದರೆ ನೀನು ಮಾತು ಬದಲಾಯಿಸಿ ಶುಕ್ರ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ ಕಣಮ್ಮ ಅಂತ ಅವಳ ಬಾಯಿ ತೆರೆಸಿ ಕೂರಿಸ್ತಿದ್ದೆ. ಅದನ್ನ ನಾನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ಇಷ್ಟು ಉದ್ದ ಆಗ್ತಿರಲಿಲ್ಲ, ಎರಡೇ ಸಾಲಲ್ಲಿ ಮುಗಿಸ್ತಿದ್ದೆ.

ದೊಡ್ಡ ಗ್ರಂಥಾಲಯದಲ್ಲಿ ವಿಚಾರಣೆ ಮೇಜು ಅಂತ ಒಂದಿದೆ, ನಿನಗೂ ಗೊತ್ತು. ಬಾಗಿಲು ದಾಟಿದ ಕೂಡಲೇ ಎಡಗಡೆ, ಹಸಿರು ದೀಪದ ಕೆಳಗೆ. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು, ಕೂತವರು ಹುಡುಕಿ ಹೇಳಬೇಕು. ಹುಟ್ಟಿದಾಗಿಂದ ಕೇಳ್ತಾ ಬಂದವಳಿಗೆ ಹೇಳೋ ಜಾಗದಲ್ಲಿ ಕೂರೋ ಆಸೆ. ಆ ಒಂದು ಕೆಲಸಕ್ಕೆ ಎರಡು ವರ್ಷ ಓದಿದಳು. ಬರವಣಿಗೆ ಪರೀಕ್ಷೇಲಿ ಮೊದಲನೆಯವಳು. ಐದನೇ ತಾರೀಖು ಸಂದರ್ಶನ. ಕೂತವರು ಮೂವರು, ಗ್ರಂಥಾಲಯದ ಮುಖ್ಯಸ್ಥೆ, ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಸಮಿತಿಯ ಸದಸ್ಯರು, ಮೂವತ್ತು ವರ್ಷ ಹಡಗಿನ ಮೇಲೆ ದುಡಿದ ಕ್ಯಾಪ್ಟನ್. ಆಸ್ಟ್ರೇಲಿಯಾದ ರಾಜಧಾನಿ ಕೇಳಿದರಂತೆ. ಹತ್ತರಲ್ಲಿ ಎಂಟು ಜನ ಸಿಡ್ನಿ ಅಂತಾರೆ, ಇವಳು ಕ್ಯಾನ್ಬೆರಾ ಅಂದು, ಯಾಕೆ ಸಿಡ್ನಿ ಅಲ್ಲ ಅನ್ನೋದನ್ನೂ ಹೇಳಿದಳಂತೆ. ಮೊಸಳೆ ಕಣ್ಣೀರು ಅನ್ನೋ ಮಾತಿನ ಹಿಂದಿನ ನಂಬಿಕೆ ಏನು, ಆಕ್ಟೋಪಸ್ಸಿಗೆ ಹೃದಯ ಎಷ್ಟು, ಸೊನ್ನೆ ಇಲ್ಲದೆ ಹಿಂದಿನವರು ಹೇಗೆ ಲೆಕ್ಕ ಮಾಡ್ತಿದ್ದರು, ಎಲ್ಲ ನೀರು ಕುಡಿದ ಹಾಗೆ. ಕೊನೆಗೆ ಮುಖ್ಯಸ್ಥೆ ನಗ್ತಾ, ನಿನಗೆ ತುಂಬಾ ಇಷ್ಟವಾದ ಒಂದು ಮಾತು, ಅದರ ಹಿನ್ನೆಲೆ ಹೇಳು, ಸಾಕು ಅಂದರಂತೆ. ಹೆಚ್ಚುಕಡಿಮೆ ಕೆಲಸ ಕೈಗೆ ಬಂದಂತೆಯೇ.

ಅವಳು ಒಂಬತ್ತನೇ ಗಂಟಿನ ಕಥೆ ಹೇಳಿದಳು.

ನಿನಗೆ ನೆನಪಿಲ್ಲದಿದ್ದರೆ ನೆನಪಿಸ್ತೀನಿ. ಹಳೇ ಕಾಲದ ಹಾಯಿಹಡಗಿನವರ ಮನೆಯಲ್ಲಿ, ನಾವಿಕ ಹೊರಟ ದಿನ ಹಗ್ಗಕ್ಕೆ ಎಂಟು ಗಂಟು ಹಾಕ್ತಿದ್ದರು, ತಿಂಗಳಿಗೊಂದು ಬಿಚ್ಚುತ್ತಿದ್ದರು. ಎಂಟೂ ಬಿಚ್ಚಿದ ಮೇಲೂ ಅವನು ಬರಲಿಲ್ಲ ಅಂದರೆ ಮನೆಯವರು ಇನ್ನೊಂದು ಗಂಟು ಹಾಕ್ತಿದ್ದರು, ಅದನ್ನ ಬಿಚ್ಚೋ ಹಾಗಿಲ್ಲ. ಅದಕ್ಕೇ ಬರಲ್ಲ ಅಂತ ಗೊತ್ತಿದ್ದೂ ಕಾಯೋದಕ್ಕೆ ಒಂಬತ್ತನೇ ಗಂಟು ಹಾಕೋದು ಅಂತಾರೆ. ಅಪ್ಪನ ಸಾಮಾನ್ಯಜ್ಞಾನದ ಪುಸ್ತಕದ ಇನ್ನೂರ ಹದಿನೇಳನೇ ಪುಟ, ಬಲಗಡೆ ಅಂಕಣ. ಅವಳು ಕಥೆ ಹೇಳಿ, ನಮ್ಮ ಮನೇಲೂ ಒಬ್ಬರಿಗೆ ಹೀಗೆ ಕಾದಿದ್ದೀವಿ, ಅದಕ್ಕೆ ಈ ಮಾತು ನನಗೆ ಇಷ್ಟ ಅಂದಳಂತೆ. ಹೊರಗಿನವರ ಮುಂದೆ ಅವಳು ತನ್ನ ಅಪ್ಪನ ವಿಷಯ ಎತ್ತಿದ್ದು ಅದೇ ಮೊದಲು. ಕ್ಯಾಪ್ಟನ್ ನಕ್ಕರಂತೆ. "ನಾನು ಮೂವತ್ತು ವರ್ಷ ಹಗ್ಗದ ಜೊತೆ ಬದುಕಿದವನು, ಇಂಥ ಗಂಟು ಕೇಳಿಲ್ಲ, ಎಲ್ಲಿಂದ ತಂದೆಯಮ್ಮ" ಅಂದರಂತೆ. ಪುಸ್ತಕದಲ್ಲಿದೆ ಅಂದಳು. ಯಾವ ಪುಸ್ತಕ? ನಮ್ಮ ತಾತನ ಪುಸ್ತಕ, ಅದರಲ್ಲಿ ಸುಳ್ಳು ಬರಲ್ಲ. ಅವರು ಕಪಾಟಿನಲ್ಲಿದ್ದ ನಾಲ್ಕು ನಿಘಂಟು, ಎರಡು ನೌಕಾ ಕೋಶ ತರಿಸಿ ಅವಳ ಮುಂದೆಯೇ ತೆರೆದು ನೋಡಿದರು. ಎಲ್ಲೂ ಇಲ್ಲ. ಇವಳು ಬಿಡಲಿಲ್ಲ, ವಾದ ಹಾಕಿದಳು. ನಿಮ್ಮ ಕೋಶದಲ್ಲಿ ಬಿಟ್ಟುಹೋಗಿರಬೇಕು ಅಂದಳು. ಅಷ್ಟಾದ ಮೇಲೆ ಕ್ಯಾಪ್ಟನ್ ಪೆನ್ನು ಮುಚ್ಚಿಟ್ಟು, ತಪ್ಪಿದರೆ ತಿದ್ದಬಹುದು, ಕಥೆ ಕಟ್ಟಿ ಸಾಧಿಸೋರನ್ನ ಆ ಮೇಜಿನ ಹಿಂದೆ ಕೂರಿಸೋಕಾಗಲ್ಲ ಅಂದರಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೇಲಿಮುಳ್ಳಿನ ನಿಯಮ ನಿನಗೆ ಗೊತ್ತಿಲ್ಲ ಅಂತಲ್ಲ. ಆದರೆ ಗೊತ್ತಿದ್ದೂ ಮರೆತ ಹಾಗೆ ನಗೋರಿಗೆ ಮೊದಲಿಂದ ಹೇಳಬೇಕಾಗುತ್ತೆ. ಊರು, ಜನ, ಮಾತು, ವಿಚಾರ ಅಂತ ನಾಲ್ಕು ಭಾಗ, ನಾಲ್ಕು ಸಾವಿರ ನಮೂದು, ಅಪ್ಪ ನಲವತ್ತು ವರ್ಷ ಗೇಯ್ದ ಪುಸ್ತಕ. ಪರೀಕ್ಷೆಗೆ ಓದೋ ಮಕ್ಕಳೆಲ್ಲ ಕೊಳ್ತಾರೆ ಅಂತ ಗೊತ್ತಾದ ಕೂಡಲೇ ಪಕ್ಕದ ಬೀದಿಯವನು ಪುಟಕ್ಕೆ ಪುಟ ಎತ್ತಿ ತನ್ನ ಹೆಸರಲ್ಲಿ ಅಚ್ಚು ಹಾಕಿದ. ಆಗ ಅಪ್ಪ ಬೇಲಿಮುಳ್ಳು ನೆಟ್ಟರು. ವರ್ಷಕ್ಕೆ ಮೂರು ಸುಳ್ಳು ನಮೂದು, ಕದ್ದವನು ಅದನ್ನೂ ಕದೀತಾನೆ, ಸಿಕ್ಕಿಬೀಳ್ತಾನೆ. ನಾವು ನೂರು ಅಡಿ ಬೆಳೆಸಿದ ಒಂದು ಬೆಟ್ಟ ಅವನ ಪುಸ್ತಕದಲ್ಲೂ ಅಷ್ಟೇ ಎತ್ತರಕ್ಕೆ ಎದ್ದು ನಿಂತಾಗ ನಾವು ಮೂವರೂ ಊಟ ಬಿಟ್ಟು ನಕ್ಕಿದ್ದೆವು. ಆದರೆ ಅಪ್ಪನ ಕಟ್ಟುಪಾಡು ಏನಿತ್ತು? ಮುಳ್ಳು 'ಊರು' ಭಾಗದಲ್ಲೇ ಇರಬೇಕು. ಅಂಕಿಯೇ ಆಗಿರಬೇಕು, ಬೆಟ್ಟದ ಎತ್ತರ, ಕೆರೆಯ ಆಳ, ಯಾರೂ ಬಾಯಿಪಾಠ ಮಾಡದಂಥದ್ದು. ಒಂದು ವರ್ಷ ಆದ ಮೇಲೆ ಕಿತ್ತುಹಾಕಬೇಕು. ಯಾವುದು ಮುಳ್ಳು ಅಂತ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡಬೇಕು. ಓದೋ ಮಗುವಿನ ಕಾಲಿಗೆ ಚುಚ್ಚಬಾರದು, ಕಳ್ಳನ ಕಾಲಿಗೆ ಮಾತ್ರ ಚುಚ್ಚಬೇಕು ಅಂತ ಅವರು ಹೇಳಿದ್ದು ನೂರು ಸಲ ಆಗಿರಬಹುದು.

ಐದು ವರ್ಷದ ಹಿಂದೆ ಅವರ ಕಣ್ಣು ಮಂಜಾಯ್ತು, ಕೆಂಪು ಪುಸ್ತಕ ನಿನ್ನ ಕೈಗೆ ಬಂತು. ನೀನು ಮಾಡಿದ್ದೇನು? ಅಂಕಿ ಬರೆದರೆ ನಿನ್ನ ಜಾಣತನ ಯಾರಿಗೆ ಕಾಣುತ್ತೆ ಅಲ್ವಾ. 'ಮಾತು' ಭಾಗಕ್ಕೆ ಕೈಹಾಕಿ ಕಥೆ ಹೆಣೆದೆ. ಅಂಕಿಯಲ್ಲಿ ಸುಳ್ಳು ಹೇಳಿದರೆ ಯಾರ ತಲೇಲೂ ನಿಲ್ಲಲ್ಲ ಅಣ್ಣ, ಕಥೆ ನಿಲ್ಲುತ್ತೆ. ಅದರಲ್ಲೂ ಅಪ್ಪ ಇಲ್ಲದ ಮಗುವಿನ ತಲೇಲಿ ಇಂಥ ಕಥೆ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು? ವರ್ಷ ಕಳೆದ ಮೇಲಾದರೂ ಕಿತ್ತೆಯಾ ಅಂದರೆ ಅದೂ ಇಲ್ಲ. ಅಪ್ಪನ ಜೊತೆ ಜಗಳ ಆಡಿ, ಇನ್ನು ಈ ಗುಜರಿ ಪುಸ್ತಕಕ್ಕೆ ನನ್ನ ಆಯಸ್ಸು ಸವೆಸಲ್ಲ ಅಂತ ರೇಡಿಯೋಗೆ ಹೊರಟೆ. ಹೊರಡು, ನಿನ್ನ ಇಷ್ಟ. ಕೆಂಪು ಪುಸ್ತಕ ಯಾಕೆ ಪೆಟ್ಟಿಗೇಲಿ ಹಾಕ್ಕೊಂಡು ಹೋದೆ? ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋ ಮಾತನ್ನ ಆ ಭಾಗದಲ್ಲಿ ವರ್ಷವರ್ಷ ಪ್ರೂಫ್ ನೋಡಿದ್ದೀನಿ, ಅದರ ಅರ್ಥ ಈಗ ಆಯ್ತು.

ನನ್ನದೇನೂ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ, ಕೇಳಿಸ್ಕೋ. ಇಪ್ಪತ್ತೆರಡು ವರ್ಷದಿಂದ ಈ ಮಹಡಿಯ ಕಿಟಕಿ ಪಕ್ಕ ಕೂತು ಪ್ರೂಫ್ ನೋಡ್ತಿದ್ದೀನಿ, ಪುಸ್ತಕದಲ್ಲಿ ಎಲ್ಲೂ ನನ್ನ ಹೆಸರಿಲ್ಲ, ಅದು ಬಿಡು. ಆ ನಮೂದನ್ನ ನಾನು ಏನಿಲ್ಲ ಅಂದರೂ ಏಳು ಸಲ ಓದಿದ್ದೀನಿ. ಒಂದು ಅಕ್ಷರ ತಪ್ಪಿರಲಿಲ್ಲ. ಪ್ರೂಫ್ ನೋಡೋಳು ಮೂಲಕ್ಕೂ ಅಚ್ಚಿಗೂ ತಾಳೆ ನೋಡ್ತಾಳೆ, ಅಚ್ಚಿಗೂ ಲೋಕಕ್ಕೂ ತಾಳೆ ನೋಡಲ್ಲ. ಅದು ಸಂಗ್ರಾಹಕನ ಕೆಲಸ ಅಂತ ನಂಬಿದ್ದೆ, ಸಂಗ್ರಾಹಕ ನನ್ನ ಅಣ್ಣ ಅಂತ ಇನ್ನೂ ಹೆಚ್ಚು ನಂಬಿದ್ದೆ. ನಿಜ ಹೇಳಬೇಕು ಅಂದರೆ ಓದಿದಾಗಲೆಲ್ಲ ನನಗೂ ಕಣ್ಣು ತುಂಬಿ ಬರ್ತಿತ್ತು. ಯಾವುದೋ ದೇಶದಲ್ಲಿ ಯಾವಳೋ ಒಬ್ಬಳು ನನ್ನ ಹಾಗೇ ಕೂತಿದ್ದಳು ಅಂತ ಸಮಾಧಾನ ಆಗ್ತಿತ್ತು. ಅಂಥವಳು ಯಾರೂ ಇರಲಿಲ್ಲ, ನೀನು ಮೇಜಿನ ಮೇಲೆ ಕಾಲು ಚಾಚಿ ಕೂತು ಕಟ್ಟಿದ್ದು ಅಂತ ಈಗ ಗೊತ್ತಾಗಿ, ನನಗೆ ಎಷ್ಟು ಅವಮಾನ ಆಗಿದೆ ಅಂತ ನಿನಗೆ ಹೇಳೋಕೂ ಬರಲ್ಲ.

ಆದರೂ ಇದನ್ನೆಲ್ಲ ಕ್ಷಮಿಸ್ತಿದ್ದೆ. ಬರೆಯೋರಿಗೆ ಒಂದು ಚಪಲ, ಮರೆವು ಎಲ್ಲರಿಗೂ ಇರುತ್ತೆ. ಕ್ಷಮಿಸೋಕಾಗದೆ ಇರೋದು ಬೇರೆ. ಎರಡು ವರ್ಷದ ಹಿಂದೆ, ನೀನಿನ್ನೂ ಈ ಮನೇಲೇ ಇದ್ದಾಗ, ಅವಳು ಓದೋಕೆ ಶುರುಮಾಡಿದ ಹೊಸದರಲ್ಲಿ, ಊಟಕ್ಕೆ ಕೂತಾಗ ಇದೇ ಕಥೆ ನಮಗೆಲ್ಲ ಹೇಳಿದಳು. ಅನ್ನ ತಟ್ಟೇಲಿ ಆರ್ತಿತ್ತು, ಕೈಯಲ್ಲಿ ಗಂಟು ಹಾಕಿ ತೋರಿಸ್ತಾ ಹೇಳಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಪ್ಪ ಒಳಗೆ ಮಲಗಿದ್ದರು. ನೀನು ಎದುರಿಗೇ ಕೂತಿದ್ದೆ. ನಿನಗೆ ಗೊತ್ತಿತ್ತು. "ಇಲ್ಲ ಮಗಳೇ, ಅದೊಂದು ಸುಳ್ಳು, ಅದನ್ನ ಬಿಟ್ಟುಬಿಡು" ಅನ್ನೋಕೆ ಎಷ್ಟು ಹೊತ್ತು ಬೇಕು? ನೀನು ಅವಳ ಬೆನ್ನು ತಟ್ಟಿ "ಭೇಷ್, ಚೆನ್ನಾಗಿ ನೆನಪಿಟ್ಟಿದ್ದೀಯ" ಅಂದೆ. ನಿನ್ನ ಸುಳ್ಳು ಇನ್ನೊಬ್ಬರ ಬಾಯಲ್ಲಿ ಚೆಂದ ಕೇಳಿಸ್ತು, ಅಷ್ಟೇ ತಾನೆ? ಆ ಒಂದು ಭೇಷ್‌ಗಾಗಿ ಅವಳು ಅದನ್ನ ಎರಡು ವರ್ಷ ಜೋಪಾನ ಮಾಡಿ, ಕೊನೆಗೆ ಎಲ್ಲಿ ತೆಗೀಬಾರದಿತ್ತೋ ಅಲ್ಲಿ ತೆಗೆದಳು.

ಅಪ್ಪನ ಸ್ಥಿತಿ ಕೇಳ್ತೀಯಾ? ಕೇಳಲ್ಲ, ನಾನೇ ಹೇಳ್ತೀನಿ. ವಿಷಯ ಗೊತ್ತಾದಾಗಿಂದ ದಪ್ಪ ಭೂತಗನ್ನಡಿ ಹಿಡಿದು ಮೊದಲನೇ ಪುಟದಿಂದ ಪುಸ್ತಕ ಓದ್ತಿದ್ದಾರೆ. ಇನ್ನೆಷ್ಟು ಮುಳ್ಳು ಉಳಿದಿವೆಯೋ ಅಂತ. ದಿನಕ್ಕೆ ಆರು ಪುಟ ಆಗುತ್ತೆ, ಕಣ್ಣಲ್ಲಿ ನೀರು ಸುರಿಯುತ್ತೆ, ಅತ್ತದ್ದಲ್ಲ, ಕಣ್ಣು ಸೋತದ್ದು, ಅಥವಾ ಎರಡೂ ಇರಬಹುದು. ನಿನ್ನೆ ಓದ್ತಾ ಓದ್ತಾ ನಿಲ್ಲಿಸಿ, ಶುಕ್ರ ಗ್ರಹದ್ದು ನಿಜ ತಾನೇ ಅಂತ ನನ್ನ ಕೇಳಿದರು. ಅವರೇ ಬರೆದದ್ದು ಅಣ್ಣ ಅದು. ತಾನು ಬರೆದದ್ದನ್ನೇ ನಂಬೋಕೆ ಹೆದರೋ ಹಾಗಾಗಿದೆ ಅವರಿಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ, ನಮ್ಮದು ನಾಲ್ಕು ಸಾಲಿಗೆ ಹೋಯ್ತು. ಇಷ್ಟಾದರೂ ಭಾನುವಾರ ಬೆಳಗ್ಗೆ ರೇಡಿಯೋ ಹಾಕು ಅಂತಾರೆ. ನೀನು ರಸಪ್ರಶ್ನೆಯಲ್ಲಿ "ಸರಿಯುತ್ತರ!" ಅಂತ ಕೂಗ್ತೀಯಲ್ಲ, ಆಗ ಕಿವಿ ಹತ್ತಿರ ತಗೊಂಡು ಹೋಗ್ತಾರೆ. ನನಗೆ ಆ ಪೆಟ್ಟಿಗೇನ ಕಿಟಕಿಯಿಂದ ಆಚೆ ಎಸೀಬೇಕು ಅನ್ನಿಸುತ್ತೆ.

ಈಗ ನಿನ್ನಿಂದ ಆಗಬೇಕಾದದ್ದು. ಗ್ರಂಥಾಲಯದ ಮುಖ್ಯಸ್ಥೆ ಒಳ್ಳೆಯವರು. ಅವರಿಗೆ ನಮ್ಮ ಹುಡುಗಿ ಕಥೆ ಕಟ್ಟೋಳಲ್ಲ ಅಂತ ಅನ್ನಿಸಿದೆ. ನಾನು ಹೋಗಿ ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಬೇಡ್ಕೊಂಡೆ. ಪುಸ್ತಕ ತೋರಿಸಿದೆ. ನಿಮ್ಮ ಮನೆ ಪುಸ್ತಕ, ನಿಮ್ಮ ಮನೆ ಹುಡುಗಿ, ಇದನ್ನ ಸಮಿತಿ ಒಪ್ಪಲ್ಲ ಅಂದರು. ಒಳಪುಟದಲ್ಲಿ ಸಂಗ್ರಾಹಕರು ಅಂತ ಯಾರ ಹೆಸರಿದೆಯೋ ಅವರು, ಇದು ಬೇಕಂತಲೇ ಇಟ್ಟ ಸುಳ್ಳು ನಮೂದು, ಯಾವ ವರ್ಷ ಇಟ್ಟದ್ದು, ಯಾರು ಇಟ್ಟದ್ದು, ಹುಡುಗಿಗೆ ಗೊತ್ತಿರಲಿಲ್ಲ ಅಂತ ಬರೆದು ಸಹಿ ಹಾಕಿ, ಆ ಕೆಂಪು ಪುಸ್ತಕದ ಪುಟ ಲಗತ್ತಿಸಿ ಕೊಟ್ಟರೆ ಇನ್ನೊಂದು ಸಲ ಕರೆಯೋಣ, ಇಪ್ಪತ್ತನೇ ತಾರೀಖಿನೊಳಗೆ ಬರಬೇಕು, ಆಮೇಲೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತೆ ಅಂದರು. ನಿನ್ನ ಹೆಸರು ಒಳಪುಟದಲ್ಲಿ ಇವತ್ತಿಗೂ ಇದೆ. ಅಪ್ಪ ತೆಗೆಸಿಲ್ಲ.

ನಿನಗೆ ಏನು ಭಯ ಅಂತ ನನಗೆ ಗೊತ್ತು. ಆ ಕ್ಯಾಪ್ಟನ್ ನಾಲ್ಕು ಜನಕ್ಕೆ ಹೇಳ್ತಾರೆ, ನಾಲ್ಕು ಹೋಗಿ ನಲವತ್ತಾಗುತ್ತೆ, ಭಾನುವಾರದ ಸರಿಯುತ್ತರದ ಸಾಹೇಬರು ಮಕ್ಕಳ ಪುಸ್ತಕಕ್ಕೆ ಸುಳ್ಳು ತುರುಕಿದ್ದರಂತೆ ಅಂತ ಪತ್ರಿಕೆಯವರು ಬರೀಬಹುದು. ಬರೀಲಿ. ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ದಾರಿ ಇದರಲ್ಲಿಲ್ಲ, ನಾನು ಎಂಟು ದಿನ ಹುಡುಕಿ ನೋಡಿದ್ದೀನಿ. ನಿನಗೆ ಐವತ್ತು ದಾಟಿದೆ, ನಾಲ್ಕು ದಿನ ನಗ್ತಾರೆ, ಐದನೇ ದಿನ ಬೇರೆಯವರು ಸಿಗ್ತಾರೆ. ಅವಳಿಗೆ ಇಪ್ಪತ್ಮೂರು. ಸುಳ್ಳಿ ಅನ್ನಿಸಿಕೊಂಡು ಹೊರಗೆ ಬಂದವಳನ್ನ ಮತ್ತೆ ಯಾವ ಬಾಗಿಲೂ ಒಳಗೆ ಕರೆಯಲ್ಲ. ಎಂಟು ದಿನದಿಂದ ಅವಳು ಏನನ್ನೂ ಕೇಳಿಲ್ಲ ಅಣ್ಣ. ಒಂದು ಯಾಕೆ ಇಲ್ಲ. ಅನ್ನಕ್ಕೆ ಕರೆದರೆ ಬಂದು ತಟ್ಟೆ ನೋಡ್ಕೊಂಡು ತಿಂದು ಎದ್ದು ಹೋಗ್ತಾಳೆ. ಈ ಮನೆ ಇಷ್ಟು ತೆಪ್ಪಗೆ ಇದ್ದದ್ದು ನಾನು ನೋಡಿಲ್ಲ.

ಬರೆದು, ಪುಟ ಲಗತ್ತಿಸಿ, ಕೂಡಲೇ ಅಂಚೆಗೆ ಹಾಕು. ಅಂಚೆಯಲ್ಲಿ ತಡ ಆಯ್ತು ಅಂತ ಆಮೇಲೆ ನೆಪ ಹೇಳಬೇಡ, ನಿನ್ನ ನೆಪಗಳನ್ನ ನಾನು ಲಂಗ ತೊಟ್ಟ ಕಾಲದಿಂದ ಕೇಳಿದ್ದೀನಿ. ಅಪ್ಪ ನಿನಗೆ ಆಶೀರ್ವಾದ ತಿಳಿಸು ಅಂದಿದ್ದಾರೆ. ಬೇಡ ಅಂದೆ, ಬರೀಲೇಬೇಕು ಅಂದರು, ಬರೆದಿದ್ದೀನಿ. ಅತ್ತಿಗೆಗೆ ನನ್ನ ನೆನಪು ಹೇಳು, ಮಹಡಿ ಮೆಟ್ಟಿಲು ಕಡಿಮೆ ಹತ್ತಲಿ. ನೀನು ಗಂಟಲು ಜೋಪಾನ ಮಾಡ್ಕೋ, ಅದೊಂದನ್ನಾದರೂ ಮಾಡ್ಕೋ.

ಇನ್ನೂ ನಿನ್ನ ತಂಗಿಯೇ ಆಗಿರುವ,
ತಂಗಿ

ತಾ.ಕ. ಲಕೋಟೆಗೆ ವಿಳಾಸ ಬರೀತಿದ್ದೆ, ಮಗಳು ಬಂದು ಬಾಗಿಲಲ್ಲಿ ನಿಂತಳು. "ಬುಧವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆಸಿದ್ದೀನಿ, ಮಾವನ ಪತ್ರ ನಾನೇ ಹೋಗಿ ತರ್ತೀನಿ, ನಿನ್ನ ಕೈ ದಾಟಿ ಬಂದ ಕಾಗದ ಇನ್ನು ನಾನು ನಂಬಲ್ಲ" ಅಂದಳು. ಐದನೇ ತಾರೀಖಿನಿಂದ ನನ್ನ ಜೊತೆ ಆಡಿದ್ದು ಇದೊಂದೇ ಮಾತು. ಮೇಲೆ ಬರೆಯೋಕೆ ಕೈ ಬರಲಿಲ್ಲ, ಈಗ ಬರೀಲೇಬೇಕು. ಆವತ್ತು ನೀನು ಫೋನ್ ಇಟ್ಟ ಮೇಲೆ ಅವಳು ಬಂದು, ಅಮ್ಮಾ ಇದನ್ನ ಯಾರು ಬರೆದದ್ದು ಅಂತ ಕೇಳಿದಾಗ, "ನಾನೇ ಬರೆದದ್ದು" ಅಂದುಬಿಟ್ಟೆ. ಅಪ್ಪ ಅಲ್ಲೇ ಇದ್ದರು, ಸುಮ್ಮನಾದರು. ಒಬ್ಬ ಅಪ್ಪನನ್ನ ಕಳ್ಕೊಂಡವಳು, ಕೆಲಸ ಹೋದ ದಿನವೇ ಮಾವನನ್ನೂ ಕಳ್ಕೋಬಾರದು ಅಂತ ಬಾಯಿಗೆ ಬಂತು, ಯೋಚನೆ ಮಾಡಿ ಹೇಳಿದ್ದಲ್ಲ. ಮಾವನಿಗೆ ಗೊತ್ತಿಲ್ಲದೆ ಅಮ್ಮ ಸೇರಿಸಿದಳು, ಮಾವ ಅದನ್ನ ಬರೆದುಕೊಡ್ತಾನೆ ಅಂತ ನಂಬಿಕೊಂಡು ಬರ್ತಿದ್ದಾಳೆ. ಹಾಗಾಗಿ ಅಂಚೆಗೆ ಹಾಕಬೇಡ. ಈ ಕಾಗದ ನಿನಗೆ ಸೋಮವಾರ ಸಿಗುತ್ತೆ, ಎರಡು ದಿನ ಇದೆ. ಅವಳು ಬಂದ ಮೇಲೆ ಅವಳನ್ನ ಎದುರಿಗೆ ಕೂರಿಸ್ಕೊಂಡು ಬರಿ. ಯಾರು ಇಟ್ಟದ್ದು ಅನ್ನೋ ಜಾಗದಲ್ಲಿ ಯಾರ ಹೆಸರು ಬರೀತೀಯೋ ನಿನಗೆ ಬಿಟ್ಟದ್ದು. ನನ್ನದನ್ನ ಬರೆದರೂ ನಾನು ಇಲ್ಲ ಅನ್ನಲ್ಲ.